ಕೈ ನಡುಗೋದು ಎಲ್ಲರಿಗೂ ಕಾಣುತ್ತೆ, ಮನಸ್ಸು ಕುಸಿದಿದ್ದನ್ನ ಯಾರು ಕೇಳ್ತಾರೆ?

ಭದ್ರಾವತಿಯಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಐದಾರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಮಾತ್ರೆಯಿಂದ ನಡುಕ ಒಂದು ಹತೋಟಿಗೆ ಬಂದಿದೆ. ಆದರೆ ಮನುಷ್ಯ ಮನೆಯಿಂದ ಹೊರಗೇ ಬರಲ್ಲ. ಪೇಪರ್ ಓದೋದು ಬಿಟ್ಟರು, ಊಟ ಸೇರಲ್ಲ, ಬೆಳಗಿನ ಜಾವ ಮೂರಕ್ಕೇ ಎದ್ದು ಕೂರ್ತಾರೆ. 'ವಯಸ್ಸಾಯ್ತಲ್ಲ' ಅಂತಾರೆ ಮನೆಯವರು. ತಪಾಸಣೆಗೆ ಹೋದಾಗೆಲ್ಲ ಡಾಕ್ಟರು ಕೈ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸ್ತಾರೆ, ಮಾತ್ರೆ ಬರೀತಾರೆ. 'ಮನಸ್ಸು ಹೇಗಿದೆ ಯಜಮಾನರೇ' ಅಂತ ಒಂದು ಸಲವೂ ಕೇಳಿಲ್ಲವಂತೆ.

ನನ್ನ ಸಿಟ್ಟು ಇರೋದು ಇದರ ಮೇಲೆ. ಪಾರ್ಕಿನ್ಸನ್ ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದು ಬರೀ 'ಕಾಯಿಲೆ ಬಂತಲ್ಲ' ಅನ್ನೋ ಬೇಸರ ಅಲ್ಲ. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತವೆ, ಮನಸ್ಸನ್ನು ನಿಭಾಯಿಸುವ ಸೆರೊಟೋನಿನ್ ಕೂಡ ಏರುಪೇರಾಗುತ್ತದೆ. ಕೆಲವರಿಗೆ ನಡುಕಕ್ಕಿಂತ ವರ್ಷಗಳ ಮೊದಲೇ ಖಿನ್ನತೆ ಬಂದಿರುತ್ತದೆ. ಮುಖದ ಸ್ನಾಯು ಬಿಗಿದು ಭಾವನೆಯೇ ಕಾಣದ ಕಾರಣ ಹೆಂಡತಿ ಮಕ್ಕಳಿಗೂ ಗೊತ್ತಾಗಲ್ಲ.

ಇದಕ್ಕೆ ಮಾತ್ರೆ ಇದೆ, ಆಪ್ತಸಮಾಲೋಚನೆ ಇದೆ. ಅದರಿಂದ ಗುಣ ಕಾಣದಿದ್ದರೆ ಆರ್‌ಟಿಎಂಎಸ್ ಅನ್ನೋ ಚಿಕಿತ್ಸೆ ಇದೆ. ತಲೆಯ ಮೇಲೆ ಒಂದು ಕಾಯಿಲ್ ಇಟ್ಟು, ಕಾಂತೀಯ ಅಲೆಗಳಿಂದ ಮೆದುಳಿನ ಮುಂಭಾಗವನ್ನು ಚುರುಕುಗೊಳಿಸುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮೊದಲ ಯಂತ್ರ ತೋರಿಸಿದರು. ಖಿನ್ನತೆಗೆ ಬಳಸಲು ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ನಿಮ್ಹಾನ್ಸ್‌ನಲ್ಲೂ ಇದೆ. ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲ, ಪ್ರಜ್ಞೆ ತಪ್ಪಿಸಲ್ಲ. ಟಕಟಕ ಸದ್ದು ಕೇಳುತ್ತೆ, ಸ್ವಲ್ಪ ತಲೆನೋವು ಬರಬಹುದು. ಜಾತ್ರೆಯಲ್ಲಿ ಮಾರುವ ಮ್ಯಾಗ್ನೆಟ್ ಬಳೆಗೂ, ಸಾವಿರಾರು ರೂಪಾಯಿಯ ಮ್ಯಾಗ್ನೆಟ್ ಹಾಸಿಗೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಆ ಹಾಸಿಗೆಗೆ ದುಡ್ಡು ಸುರಿದವರನ್ನ ನಾನೇ ನೋಡಿದೀನಿ.

ಉತ್ಪ್ರೇಕ್ಷೆ ಬೇಡ. ಪಾರ್ಕಿನ್ಸನ್ ಇದರಿಂದ ವಾಸಿಯಾಗಲ್ಲ. ಪಾರ್ಕಿನ್ಸನ್ ಇರುವವರ ಖಿನ್ನತೆಗೆ ಇದು ನೆರವಾಗುತ್ತದೆ ಅಂತ ಹೇಳುವ ಅಧ್ಯಯನಗಳು ಹೆಚ್ಚಿನವು ಸಣ್ಣವು. ಅಪರೂಪಕ್ಕೆ ಫಿಟ್ಸ್ ಬರಬಹುದು. ತಲೆಯೊಳಗೆ ಲೋಹದ ಕ್ಲಿಪ್ಪೋ ಎಲೆಕ್ಟ್ರೋಡೋ ಇದ್ದವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರಿಗೆ ಮೊದಲೇ ಹೇಳಲೇಬೇಕು.

ಈಗ ಲೆಕ್ಕ ಹಾಕಿ. ವಾರಕ್ಕೆ 5 ದಿನ, 4ರಿಂದ 6 ವಾರ. ಅಂದರೆ 20ರಿಂದ 30 ಸಲ ಕುರ್ಚಿಯಲ್ಲಿ ಕೂರಬೇಕು. ಒಂದೊಂದು ಸಲಕ್ಕೆ ಅರ್ಧ ಗಂಟೆ ಸಾಕು. ಅಷ್ಟಕ್ಕೆ ಭದ್ರಾವತಿಯವರು ಇನ್ನೂರೈವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ಜೊತೆಗೊಬ್ಬರನ್ನ ಇಟ್ಟುಕೊಂಡು, ತಿಂಗಳುಗಟ್ಟಲೆ ರೂಮ್ ಮಾಡಬೇಕಾ? ಮಗ ಕೂಲಿ ಬಿಟ್ಟು ಕೂರಬೇಕಾ? ಅದೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಸರ್ಕಾರಿ ದರಕ್ಕೆ ಸಿಕ್ಕರೆ ಬೆಳಗ್ಗೆ ಬಸ್ ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಮೆಡಿಕಲ್ ಕಾಲೇಜು ಇರುವ ಪ್ರತಿ ಜಿಲ್ಲೆಯಲ್ಲೂ ಈ ಚಿಕಿತ್ಸೆ ಬಡವರ ಕೈಗೆಟುಕಬೇಕು.

'ಡಾಕ್ಟರೇ ಸಾಲಲ್ಲ, ಯಂತ್ರ ಯಾಕಪ್ಪಾ' ಅಂತ ಕೇಳುವವರಿದ್ದಾರೆ. ಕೇಳೋದು ಸರಿಯೇ. ಆದರೆ ಹೃದಯಕ್ಕೆ ಸ್ಟೆಂಟ್ ಜಿಲ್ಲೆಯಲ್ಲೇ ಬೇಕು ಅಂದಾಗ ಯಾರೂ ಹೀಗೆ ಕೇಳಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆ, ಮನಸ್ಸಿನ ಕಾಯಿಲೆ ಎರಡನ್ನೂ ಸಮಾನವಾಗಿ ನೋಡಬೇಕು ಅನ್ನುತ್ತದೆ. ಕಾಯ್ದೆಯನ್ನ ಫೈಲಲ್ಲಿಟ್ಟರೆ ಯಾರಿಗೆ ಬಂತು ಪ್ರಯೋಜನ?

ಯಂತ್ರ ಬರೋ ತನಕ ಖರ್ಚಿಲ್ಲದ ಕೆಲಸ ಒಂದಿದೆ. ಮುಂದಿನ ಸಲ ತಪಾಸಣೆಗೆ ಹೋಗುವಾಗ ನಿದ್ದೆ, ಊಟ, ಅಳು, ಸಾಯುವ ಮಾತು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಸಾಯುವ ಮಾತು ಬಂದರೆ ತಪಾಸಣೆ ದಿನಕ್ಕೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.