ಮತ್ತಿತರರು

2024ರ ಅಕ್ಟೋಬರಿನಲ್ಲಿ ಒಂದು ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದುದನ್ನು ವಾಚಕರು ನೋಡಿರಬಹುದು. ಲ್ಯೂಕ್ ಡ್ಯುರಾಂಟ್ ಎಂಬ ಅಮೆರಿಕದವರೊಬ್ಬರು 4,10,24,320 ಅಂಕೆಗಳುಳ್ಳ ಅವಿಭಾಜ್ಯ ಸಂಖ್ಯೆಯೊಂದನ್ನು ಕಂಡುಹಿಡಿದರಂತೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಆ ಸಂಖ್ಯೆ. ಅದುವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ಅದೇ ದೊಡ್ಡದು. ಸಂತೋಷ. ಸಂಖ್ಯೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ‘ಕಂಡುಹಿಡಿದರು’ ಎಂಬ ಕ್ರಿಯಾಪದದ ಮೇಲೆ.

ಈ ಹುಡುಕಾಟ ಒಬ್ಬರದಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬವರು ಒಂದು ಕ್ರಮವಿಧಿಯನ್ನು ಬರೆದು, ಬೇಕಾದವರು ತೆಗೆದುಕೊಳ್ಳಿ ಎಂದು ಲೋಕಕ್ಕೆ ಹಂಚಿದರು. ಗಿಂಪ್ಸ್ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಗುಮಾಸ್ತನೋ, ಮೇಷ್ಟರೋ, ವಿದ್ಯಾರ್ಥಿಯೋ, ಯಾರಾದರೂ ತಮ್ಮ ಕಂಪ್ಯೂಟರಿನ ಬಿಡುವಿನ ವೇಳೆಯನ್ನು ಅದಕ್ಕೆ ಒಪ್ಪಿಸಬಹುದು. ಕೇಂದ್ರದಿಂದ ಅವರ ಪಾಲಿಗೆ ಒಂದು ಘಾತ ಬರುತ್ತದೆ. ಯಂತ್ರ ದಿನಗಟ್ಟಲೆ, ಕೆಲವು ವೇಳೆ ವಾರಗಟ್ಟಲೆ, ಲೆಕ್ಕ ಹಾಕಿ ಕೊನೆಗೆ ‘ಹೌದು’ ಎನ್ನುತ್ತದೆ ಅಥವಾ ‘ಅಲ್ಲ’ ಎನ್ನುತ್ತದೆ. 1996ರಿಂದ 2024ರವರೆಗೆ ‘ಹೌದು’ ಎಂಬ ಉತ್ತರ ಬಂದದ್ದು ಹದಿನೆಂಟೇ ಘಾತಗಳಿಗೆ. ಉಳಿದುದೆಲ್ಲ ‘ಅಲ್ಲ’. ಆ ಹದಿನೆಂಟಕ್ಕೂ ಹೆಸರುಂಟು, ಭಾವಚಿತ್ರವುಂಟು. ‘ಅಲ್ಲ’ ಎಂದವರಿಗೆ ಏನುಂಟು?

‘ಅಲ್ಲ’ ಎಂಬುದು ಉತ್ತರವೇ ಅಲ್ಲವೆಂದು ತಿಳಿದವರು ಮರ್ಸೆನ್ನನ ಕಥೆಯನ್ನು ನೆನೆಯಬೇಕು. ಈ ಜಾತಿಯ ಸಂಖ್ಯೆಗಳಿಗೆ ಹೆಸರು ಕೊಟ್ಟ ಆ ಫ್ರೆಂಚ್ ಪಾದ್ರಿ 1644ರಲ್ಲಿ, 257ರವರೆಗೆ ಯಾವ ಯಾವ ಘಾತಗಳಿಗೆ ಅವಿಭಾಜ್ಯ ದೊರೆಯುವುದೆಂದು ಒಂದು ಪಟ್ಟಿ ಕೊಟ್ಟನು. 67 ಮತ್ತು 257 ತಪ್ಪಾಗಿ ಒಳಗೆ ಸೇರಿದ್ದವು. 61, 89, 107 ತಪ್ಪಾಗಿ ಹೊರಗುಳಿದಿದ್ದವು. ಅದನ್ನು ಪೂರ್ತಿ ತಿದ್ದಿ ಮುಗಿಸಲು ಮುನ್ನೂರು ವರ್ಷ ಹಿಡಿಯಿತು. 67ರದು ಅವಿಭಾಜ್ಯವಲ್ಲವೆಂದು 1876ರಲ್ಲಿ ಲ್ಯೂಕಾ ತೋರಿಸಿದನು. ಆದರೆ ಅದನ್ನು ಭಾಗಿಸುವ ಸಂಖ್ಯೆಗಳು ಯಾವುವೆಂದು ಅವನಿಗೂ ತಿಳಿಯದು. 1903ರಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎದ್ದು, ಒಂದು ಮಾತನ್ನೂ ಆಡದೆ, ಕಪ್ಪುಹಲಗೆಯ ಮೇಲೆ 19,37,07,721 ಎಂಬುದನ್ನು 7,61,83,82,57,287 ಎಂಬುದರಿಂದ ಗುಣಿಸಿ ತೋರಿಸಿ ಕುಳಿತುಕೊಂಡನೆಂದು ಹೇಳುವರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತಂತೆ. ಆ ಚಪ್ಪಾಳೆ ಸಂದದ್ದು ಯಾವುದಕ್ಕೆ? ಒಂದು ‘ಅಲ್ಲ’ಕ್ಕೆ!

ಇನ್ನು ‘ಕಂಡುಹಿಡಿದವರ’ ಕಡೆ ನೋಡೋಣ. 2016ರ ಜನವರಿಯಲ್ಲಿ ಪ್ರಕಟವಾದ ಸಂಖ್ಯೆ ಮಿಸೌರಿಯ ಪ್ರಾಧ್ಯಾಪಕ ಕರ್ಟಿಸ್ ಕೂಪರ್ ಅವರ ವಿಶ್ವವಿದ್ಯಾಲಯದ ಕಂಪ್ಯೂಟರೊಂದರಲ್ಲಿ ದೊರೆತದ್ದು. ಯಂತ್ರ ‘ಹೌದು’ ಎಂದದ್ದು 2015ರ ಸೆಪ್ಟೆಂಬರ್ 17ರಂದು. ಅದು ಮನುಷ್ಯರ ಕಣ್ಣಿಗೆ ಬಿದ್ದದ್ದು 2016ರ ಜನವರಿ 7ರಂದು. ಹೆಚ್ಚುಕಡಿಮೆ ನಾಲ್ಕು ತಿಂಗಳು ಶೋಧಕರಿಗೇ ತಮ್ಮ ಶೋಧದ ಸುಳಿವಿರಲಿಲ್ಲ! ಇದರಲ್ಲಿ ಅವರ ತಪ್ಪೇನೂ ಇಲ್ಲ. ನೂರಾರು ಯಂತ್ರಗಳನ್ನು ವರ್ಷಗಟ್ಟಲೆ ಈ ಕೆಲಸಕ್ಕೆ ಹೂಡಿದವರು ಅವರು. ಆದರೆ ಆ ಘಾತ ಅವರ ಯಂತ್ರಕ್ಕೆ ಹೋಗುವ ಬದಲು ಬೇರೊಬ್ಬರ ಮನೆಗೆ ಹೋಗಿದ್ದರೆ ಶೋಧಕರು ಆ ಬೇರೊಬ್ಬರೇ ಆಗುತ್ತಿದ್ದರಷ್ಟೆ?

ಅಕ್ಕಿ ಆರಿಸುವ ಹೆಂಗಸನ್ನು ಮೊರದಲ್ಲಿ ಸಿಕ್ಕ ಕಲ್ಲಿನ ಲೆಕ್ಕದಿಂದ ಅಳೆಯುವವರುಂಟೆ?

ಎಲ್ಲರಿಗಿಂತ ಹೆಚ್ಚು ಅನ್ಯಾಯವಾದದ್ದು ಮರುಪರೀಕ್ಷೆಯವರಿಗೆ. ಯಂತ್ರವೂ ತಪ್ಪುತ್ತದೆ, ಬಿಸಿಯೇರಿದರೆ, ಸ್ಮೃತಿಕೋಶ ಕೆಟ್ಟರೆ, ಎಲ್ಲೋ ಒಂದು ಸೊನ್ನೆ ಒಂದಾಗಿ ಕುಳಿತುಬಿಡುತ್ತದೆ. ಆದ್ದರಿಂದ ಪ್ರತಿಯೊಂದು ‘ಅಲ್ಲ’ವನ್ನೂ ಇನ್ನೊಬ್ಬರು ಮೊದಲಿನಿಂದ ಲೆಕ್ಕ ಹಾಕಿ, ಎರಡರ ಶೇಷವೂ ಒಂದೇ ಎಂದು ತಾಳೆ ನೋಡುವ ಕ್ರಮ ಬಹುಕಾಲ ನಡೆಯಿತು. 2020ರಿಂದೀಚೆಗೆ ಪರೀಕ್ಷೆಯ ಜೊತೆಯಲ್ಲೇ ಪ್ರಮಾಣವನ್ನೂ ಕಳುಹಿಸುವ ಉಪಾಯ ಬಂದು ಈ ಶ್ರಮ ಬಹಳ ಇಳಿದಿದೆ. ಆದರೆ ಹಿಂದಿನ ರಾಶಿಯನ್ನು ಮರುಪರೀಕ್ಷೆಯವರೇ ತೀರಿಸಬೇಕಾಯಿತು. ಬಹುಮಾನ ಬರುವ ಸಂಭವ ತಮಗೆ ಇಲ್ಲವೆನ್ನುವಷ್ಟು ಕಡಿಮೆಯೆಂದು ತಿಳಿದೂ ಆ ಕೆಲಸ ಹಿಡಿದವರು ಅವರು. 2013ರಲ್ಲಿ ಸಿಕ್ಕ ಒಂದು ಸಂಖ್ಯೆ ಈ ಸಾಲಿನಲ್ಲಿ 48ನೆಯದೇ, ನಡುವೆ ಯಾವುದೂ ತಪ್ಪಿಹೋಗಿಲ್ಲ, ಎಂದು ಖಚಿತವಾದದ್ದು 2021ರಲ್ಲಿ. ಎಂಟು ವರ್ಷ! ಸಂಖ್ಯೆ ಸಿಕ್ಕ ದಿನದ ಗದ್ದಲದಲ್ಲಿ ನೂರರಲ್ಲೊಂದು ಪಾಲೂ ಅದು ಖಚಿತವಾದ ದಿನ ಕೇಳಿಬರಲಿಲ್ಲ.

ಇದೊಂದು ಲಾಟರಿ, ಗೊತ್ತಿದ್ದೇ ಚೀಟಿ ಕೊಂಡರು, ಈಗ ಗೊಣಗುವುದೇಕೆ ಎಂದು ಕೇಳುವವರಿದ್ದಾರೆ. ಲಾಟರಿಯಲ್ಲಿ ಸೋತ ಚೀಟಿ ಬರಿಯ ಕಾಗದ. ಇಲ್ಲಿ ಸೋತ ಚೀಟಿಯೂ ಜ್ಞಾನ. ಇವೆರಡನ್ನೂ ಒಂದೇ ಎಂದವರಿಗೆ ಗಣಿತದ ಗಂಧವಿಲ್ಲ. ಯಾರು ಎಷ್ಟು ದುಡಿದರೆಂಬ ಪಟ್ಟಿ ಸಂಸ್ಥೆಯಲ್ಲಿ ಇದೆಯಲ್ಲ ಎಂದು ಇನ್ನು ಕೆಲವರು ಹೇಳುವರು. ಇದೆ, ಒಳಗಿನವರು ಒಳಗಿನವರಿಗಾಗಿ ಇಟ್ಟ ಲೆಕ್ಕ ಅದು. ಹೊರಗಿನ ಲೋಕಕ್ಕೆ ಹೋಗುವ ಪ್ರಕಟಣೆಯನ್ನು ನೋಡಿ. 2016ರಲ್ಲಿ ಶೋಧದ ಗೌರವ ಕೂಪರ್, ವೋಲ್ಟ್‌ಮನ್, ಕುರೋವ್‌ಸ್ಕಿ, ಬ್ಲಾಸರ್ ‘ಮತ್ತಿತರರಿಗೆ’ ಸಲ್ಲುವುದೆಂದು ಬರೆದರು. ಸಾವಿರಾರು ಜನರ ದುಡಿಮೆಯೆಲ್ಲ ಆ ಒಂದು ಪದದೊಳಗೆ ಅಡಗಿಕೊಂಡಿತು. ಅಷ್ಟಾದರೂ ಬರೆದರಲ್ಲ ಎನ್ನಬೇಕು. ಪತ್ರಿಕೆಗಳು ಅದನ್ನೂ ಬಿಟ್ಟವು.

ಹಣದ ವಿಷಯವೂ ಹೀಗೆಯೆ. 2008ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಂತ್ರಕ್ಕೆ ಒಂದು ಕೋಟಿ ಅಂಕೆ ಮೀರಿದ ಮೊದಲ ಅವಿಭಾಜ್ಯ ಸಿಕ್ಕಿತು. ಅದಕ್ಕೆ ಬಂದ ಲಕ್ಷ ಡಾಲರಿನಲ್ಲಿ ಅರ್ಧ ವಿಶ್ವವಿದ್ಯಾಲಯಕ್ಕೆ, ಕಾಲು ಭಾಗ ಧರ್ಮಕಾರ್ಯಕ್ಕೆ, ಉಳಿದುದರಲ್ಲಿ ಬಹುಪಾಲು ಹಿಂದೆ ‘ಹೌದು’ ಪಡೆದಿದ್ದವರಿಗೆ ಹೋಯಿತು. ‘ಅಲ್ಲ’ ಎಂದವರಿಗೆ ಪಾಲಿಲ್ಲ. ಡ್ಯುರಾಂಟ್ ತಮಗೆ ಬಂದ ಮೂರು ಸಾವಿರ ಡಾಲರನ್ನು ತಾವು ಓದಿದ ಶಾಲೆಗೆ ಕೊಟ್ಟುಬಿಟ್ಟರು. ಅದು ಅವರ ದೊಡ್ಡತನ. ಆದರೆ ಹದಿನೇಳು ದೇಶಗಳಲ್ಲಿ ಬಾಡಿಗೆಗೆ ಹಿಡಿದ ಶಕ್ತಿಯುತ ಯಂತ್ರಗಳಿಂದ ಅವರು ಹುಡುಕಿದ್ದು. ಇನ್ನು ಮುಂದೆ ‘ಹೌದು’ ಹಣವುಳ್ಳವರ ಪಾಲಿಗೆ ಹೆಚ್ಚಾಗಿ ಹೋಗುವ ಸಂಭವವಿದೆ. ಮನೆಯ ಮೂಲೆಯ ಹಳೆಯ ಯಂತ್ರಕ್ಕೆ ಉಳಿಯುವುದು ‘ಅಲ್ಲ’ವೇ.

ಹತ್ತು ಕೋಟಿ ಅಂಕೆಯ ಮೊದಲ ಅವಿಭಾಜ್ಯಕ್ಕೆ ಒಂದೂವರೆ ಲಕ್ಷ ಡಾಲರಿನ ಬಹುಮಾನ ಘೋಷಿತವಾಗಿದೆ. ಅದಿನ್ನೂ ಯಾರ ಕೈಗೂ ಸೇರಿಲ್ಲ. ಅದರಲ್ಲಿ ಒಂದು ಪಾಲನ್ನು ಪರೀಕ್ಷೆಗಳ ಲೆಕ್ಕಕ್ಕೆ ತಕ್ಕಂತೆ ಹಂಚುವುದಾಗಿ ಈಗಲೇ ಗೊತ್ತುಮಾಡಲಿ. ತಲೆಗೆ ಕಾಸೇ ಬಂದರೂ ಬರಲಿ. ಪ್ರಕಟಣೆಯ ಮೊದಲ ಸಾಲಿನಲ್ಲೇ, ಹಿಂದಿನ ‘ಹೌದು’ವಿನಿಂದ ಇಂದಿನ ‘ಹೌದು’ವಿನವರೆಗೆ ಎಷ್ಟು ‘ಅಲ್ಲ’ಗಳು ಬಂದವು, ಎಷ್ಟು ಜನರಿಂದ ಬಂದವು ಎಂಬುದನ್ನು ಅಚ್ಚುಮಾಡಲಿ. ಆ ಲೆಕ್ಕ ಅವರ ಬಳಿ ಇದ್ದೇ ಇದೆ.