ಹೈಲಿ ಗುಬ್ಬಿಯ ಹೊಗೆ ದಾಟಿ ಹೋಯಿತು, ನಮ್ಮ ಚಿಮಣಿಗಳದ್ದು?



2025ರ ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಪ್ರಾಂತ್ಯದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿಯಿತು. ಕಳೆದ ಸುಮಾರು 12,000 ವರ್ಷಗಳಲ್ಲಿ ಅದು ಸಿಡಿದ ದಾಖಲೆ ಇರಲಿಲ್ಲ. ಬೂದಿ ಮತ್ತು ಅನಿಲದ ಮೋಡ ಸುಮಾರು 14 ಕಿ.ಮೀ. ಎತ್ತರಕ್ಕೇರಿ, ಕೆಂಪು ಸಮುದ್ರ, ಯೆಮೆನ್, ಒಮಾನ್ ದಾಟಿ ಮರುದಿನವೇ ಗುಜರಾತ್, ರಾಜಸ್ಥಾನ, ದೆಹಲಿಗಳ ಮೇಲೆ ಬಂದು, ಬಳಿಕ ಚೀನಾದ ಕಡೆ ಸಾಗಿತು. ಹಲವು ವಿಮಾನಗಳು ರದ್ದಾದವು. ಕಾಸರಗೋಡು ಕಡೆಯವರೂ ಗಲ್ಫಿಗೆ ಹೋಗಿಬರುವ ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ಒಂದು ವಿಮಾನವನ್ನು ಅಹಮದಾಬಾದಿಗೆ ತಿರುಗಿಸಲಾಯಿತು.

ಈ ಸುದ್ದಿ ಈಗ ಹಳೆಯದು. ಆದರೆ ಗಡಿಯಲ್ಲಿರುವ ನಮಗೆ ಅದರಲ್ಲೊಂದು ಪಾಠವಿದೆ.

ಮೊದಲು ಬೂದಿಯ ವಿಷಯ. ಇದು ಒಲೆಯ ಬೂದಿಯಲ್ಲ. ಪುಡಿಯಾದ ಕಲ್ಲು ಮತ್ತು ಗಾಜು. ಜೆಟ್ ಎಂಜಿನ್ನಿನ ಶಾಖಕ್ಕೆ ಕರಗಿ, ಒಳಗಿನ ಅಲಗುಗಳಿಗೆ ಅಂಟಿಕೊಂಡು ಎಂಜಿನ್ನನ್ನೇ ನಿಲ್ಲಿಸಬಲ್ಲದು. 1982ರ ಜೂನ್ 24ರಂದು ಇಂಡೋನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಗೆ ಸಿಕ್ಕಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ನಾಲ್ಕೂ ಎಂಜಿನ್ ನಿಂತುಹೋದವು. ಬೂದಿಯಿಂದ ಕೆಳಗಿಳಿದ ಮೇಲೆ ಮತ್ತೆ ಚಾಲೂ ಆಗಿ, ಎಲ್ಲರೂ ಬದುಕಿದರು. ಇಂಥ ಘಟನೆಗಳ ಬಳಿಕ ಇಡೀ ಜಗತ್ತಿನ ಆಕಾಶವನ್ನು ಒಂಬತ್ತು ಎಚ್ಚರಿಕೆ ಕೇಂದ್ರಗಳಿಗೆ ಹಂಚಲಾಯಿತು. ಹೈಲಿ ಗುಬ್ಬಿಯ ಬೂದಿ ಎತ್ತ ಸಾಗುತ್ತಿದೆ ಎಂದು ತಿಳಿಸುತ್ತಿದ್ದದ್ದು ಫ್ರಾನ್ಸಿನ ಟುಲೂಸ್ ಕೇಂದ್ರ. ಮೋಡ ಯಾವ ದೇಶದ್ದು ಎಂದು ಯಾರೂ ಕೇಳಲಿಲ್ಲ.

ಇನ್ನು ಅನಿಲ. ಜ್ವಾಲಾಮುಖಿಯಿಂದ ನೀರಾವಿ, ಇಂಗಾಲದ ಡೈಆಕ್ಸೈಡ್ ಜೊತೆಗೆ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಅಡರುವ ಘಾಟು ಇದರದೇ. ಗಾಳಿಯಲ್ಲಿ ಇದು ಸಲ್ಫ್ಯೂರಿಕ್ ಆಮ್ಲವಾಗಿ, ಅತಿ ಸೂಕ್ಷ್ಮ ಹನಿಗಳಾಗುತ್ತದೆ. ಮಳೆ ಮೋಡಗಳ ಎಲ್ಲೆಯೊಳಗಿದ್ದರೆ ಕೆಲವು ದಿನ, ವಾರಗಳಲ್ಲಿ ಮಳೆಗೆ ತೊಳೆದುಹೋಗುತ್ತದೆ. ಅದನ್ನು ಮೀರಿ ಮೇಲೇರಿದರೆ ವರ್ಷಗಟ್ಟಲೆ ನಿಂತು ಬಿಸಿಲನ್ನು ತಡೆಯುತ್ತದೆ. 1991ರಲ್ಲಿ ಫಿಲಿಪೈನ್ಸಿನ ಪಿನಾಟುಬೊ ಸುಮಾರು 1.5 ಕೋಟಿ ಟನ್ ಉಗುಳಿ, ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಣಿಸಿತ್ತು. ಹೈಲಿ ಗುಬ್ಬಿ ಅದರ ಮುಂದೆ ಬಹಳ ಸಣ್ಣದು.

ದೆಹಲಿಯ ಕೆಟ್ಟ ಗಾಳಿಗೆ ಇದೇ ಕಾರಣ ಎಂಬ ಮಾತೂ ಕೇಳಿಬಂತು. ಅದು ನಿಜವಲ್ಲ. ಆ ಮೋಡ ಹಲವು ಕಿ.ಮೀ. ಮೇಲಿತ್ತು, ನೆಲದ ಗಾಳಿ ಅದು ಬರುವ ಮೊದಲೇ ಕೆಟ್ಟಿತ್ತು. ದೂರದ ಬೆಟ್ಟವನ್ನು ದೂರುವುದು ಸುಲಭ, ಮನೆಯ ಹೊಗೆ ಕಣ್ಣಿಗೆ ಬೀಳುವುದಿಲ್ಲ.

ಅದೇ ಸಲ್ಫರ್ ಡೈಆಕ್ಸೈಡ್ ನಮ್ಮ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದ ದಿನವೂ ಬರುತ್ತದೆ, ಹಾಗೆಯೇ ಸೂಕ್ಷ್ಮ ಕಣವಾಗಿ ಶ್ವಾಸಕೋಶ ಸೇರುತ್ತದೆ. ಇದನ್ನು ತಡೆಯುವ ಯಂತ್ರ ಅಳವಡಿಸಬೇಕಾಗುವಂಥ ಮಿತಿಯನ್ನು 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿತು. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ಸುಮಾರು ಶೇ. 78ರಷ್ಟು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಕ್ಕೆ ವೆಚ್ಚ ಹೆಚ್ಚು ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅನಿಲ ಕಣವಾಗಿ ಬದಲಾದ ಮೇಲೆ ಅನಿಲದ ಲೆಕ್ಕದಲ್ಲಿ ಸಿಗುವುದಿಲ್ಲ. ಕಣವನ್ನೂ ಲೆಕ್ಕಕ್ಕೆ ಹಿಡಿಯದೆ ಗಾಳಿ ಚೆನ್ನಾಗಿದೆ ಎನ್ನಲಾಗದು.

ಗಡಿಯ ಪ್ರಶ್ನೆ ಇಲ್ಲಿದೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸ್ಥಾವರವಿದೆ. ಕೃಷ್ಣೆಯ ಆಚೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ, ನಮ್ಮ ಜನ. ಸೊಲ್ಲಾಪುರದ ಬಳಿ 1,320 ಮೆಗಾವಾಟಿನದು. ಅದರ ಕೆಳಗೆ ವಿಜಯಪುರ ಜಿಲ್ಲೆ. ಮುಂಗಾರಿನ ಗಾಳಿ ಒಂದು ಕಡೆ, ಚಳಿಗಾಲದ ಗಾಳಿ ಇನ್ನೊಂದು ಕಡೆ. ಚಿಮಣಿ ಒಂದು ರಾಜ್ಯದ್ದು, ಕೆಮ್ಮು ಇನ್ನೊಂದು ರಾಜ್ಯದ್ದು. ಅರ್ಜಿ ಹಾಕಿದರೆ "ಇದು ನಮ್ಮ ವ್ಯಾಪ್ತಿಯಲ್ಲ" ಎಂಬ ಷರಾ ಬರೆದು ಕಡತ ಹಿಂತಿರುಗಿಸುವುದು ಹೇಗೆಂದು ಕಚೇರಿಯಲ್ಲಿ ದುಡಿದ ಯಾರಿಗೂ ಗೊತ್ತು.

ಹಾಗಾಗಬೇಕಿಲ್ಲ. 1981ರ ವಾಯು ಕಾಯ್ದೆಯ ಪ್ರಕಾರ ರಾಜ್ಯ ಮಂಡಳಿಗಳ ನಡುವೆ ಹೊಂದಾಣಿಕೆ ತರುವುದು, ಅವುಗಳ ವ್ಯಾಜ್ಯ ಬಗೆಹರಿಸುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಆದ್ದರಿಂದ ಇಂಥ ಊರಿನ ಸದಸ್ಯರು ಎರಡೂ ರಾಜ್ಯಗಳ ಮಂಡಳಿಗೆ ಬರೆದು, ಕೇಂದ್ರ ಮಂಡಳಿಗೂ ಪ್ರತಿ ಕಳಿಸಿ. ನದಿಯ ಎರಡೂ ದಡದಲ್ಲಿ ಸಲ್ಫರ್ ಡೈಆಕ್ಸೈಡ್ ಮತ್ತು ಸೂಕ್ಷ್ಮ ಕಣ ಎರಡನ್ನೂ ಅಳೆದು, ಅಂಕಿಗಳನ್ನು ಊರಿಗೆ ತಿಳಿಸಿ ಎಂದಷ್ಟೇ ಕೇಳಿ. ಇಥಿಯೋಪಿಯಾದ ಮೋಡದ ದಾರಿ ಕೆಲವೇ ಗಂಟೆಗಳಲ್ಲಿ ಜಗತ್ತಿಗೆ ತಿಳಿಯಿತು. ಹೊಳೆಯಾಚೆಯ ಹೊಗೆಯ ಲೆಕ್ಕ ಈಚೆಯವರಿಗೆ ಸಿಗಬೇಕೆಂಬುದು ದೊಡ್ಡ ಬೇಡಿಕೆಯೇನಲ್ಲ.

– ಕಾರ್ಯದರ್ಶಿ