ಕೂಸು ಸಣ್ಣದು ಅಂತ ತಿರುಗಾಟ ಮುಂದೆ ಹಾಕಬೇಡಿ

ನಮ್ಮ ಒಣಬೇಸಾಯದ ಮನೆಗಳಲ್ಲಿ ಒಂದು ಮಾತು ಬಹಳ ಚಾಲ್ತಿಯಲ್ಲಿದೆ. ಸೊಸೆ ಎಲ್ಲಿಗಾದರೂ ಒಂದು ದಿನ ಹೋಗಿ ಬರೋಣ ಅಂದರೆ, "ಕೂಸು ಸಣ್ಣದೈತಿ, ದೊಡ್ಡದಾಗಲಿ ನೋಡೂಣು" ಅಂತೇವಿ. ಅದು ದೊಡ್ಡದಾಗುವುದರೊಳಗೆ ಇನ್ನೊಂದು ಕೂಸು ಬಂದಿರುತ್ತದೆ. ಎರಡನೆಯದು ನಡೆದಾಡುವ ಹೊತ್ತಿಗೆ ಮೊದಲನೆಯದಕ್ಕೆ ಶಾಲೆ. ಹೀಗೆ ಎಂಟು ಹತ್ತು ವರ್ಷ ಆ ಹೆಣ್ಣುಮಗಳು ತವರುಮನಿ, ಲಗ್ನದ ಮನಿ, ಸತ್ತವರ ಮನಿ, ದವಾಖಾನಿ, ಇವು ನಾಲ್ಕು ಬಿಟ್ಟು ಐದನೆಯ ಜಾಗ ಕಾಣುವುದಿಲ್ಲ. ಆಮೇಲೆ ಹೋಗಬೇಕೆನ್ನುವ ಆಸೆಯೇ ಸತ್ತಿರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಕೂಸು ಸಣ್ಣದಿದ್ದಾಗಲೇ ಹೊರಡಬೇಕು. ಹತ್ತಿರಕ್ಕೆ ಹೊರಡಬೇಕು. ಸಾಲ ಮಾಡದೆ ಹೊರಡಬೇಕು.

ನಾವು ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ ಅಂತ ಅವಕ್ಕೆ ವಾರಕ್ಕೊಂದು ರಜೆ ಕೊಟ್ಟೇವಿ. ಒಳ್ಳೆಯ ಪದ್ಧತಿ, ಹಿರಿಯರು ತಿಳಿದೇ ಮಾಡಿದ್ದಾರೆ. ಆದರೆ ಅದೇ ಮನೆಯಲ್ಲಿ ನಸುಕಿನಲ್ಲಿ ಎದ್ದು ಸೆಗಣಿ ಬಾಚಿ, ರೊಟ್ಟಿ ಬಡಿದು, ಬುತ್ತಿ ಹೊತ್ತು ಹೊಲಕ್ಕೆ ಬಂದು ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೊಂದು ರಜೆಯನ್ನಾದರೂ ಕೊಟ್ಟೇವೇನು?

ರೈತನಿಗೆ ಹೆಣ್ಣು ಕೊಡುವುದಿಲ್ಲ ಅನ್ನುವ ಗೋಳು ಈಗ ಊರೂರಿಗೂ ಇದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು, ಅವರಲ್ಲಿ ಬಹಳಷ್ಟು ಮಂದಿ ರೈತರು, ಹೆಣ್ಣು ಸಿಗಲಿ ಅಂತ ಮಲೆ ಮಾದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅದು ನೀರಾವರಿ ಇರುವ ಜಿಲ್ಲೆ. ಇನ್ನು ನಮ್ಮ ಗದಗ ಸೀಮೆಯ ಎರಿ ಹೊಲದವರ ಮಾತು ಹೇಳುವುದೇ ಬೇಡ. ನಾವು ಹುಡುಗಿಯರನ್ನು ಬೈಯುತ್ತೇವೆ. ಆದರೆ ಆ ಹುಡುಗಿ ತನ್ನ ಅವ್ವನ ಬಾಳು ನೋಡಿ ಬೆಳೆದವಳು. ಭೂಮಿ ಎಷ್ಟು ಎಕರೆ ಅಂತ ಅವಳು ಕೇಳುವುದಿಲ್ಲ, ಈ ಮನೆಯಲ್ಲಿ ನಗಲಿಕ್ಕೆ ಪುರುಸೊತ್ತು ಐತೋ ಇಲ್ಲೋ ಅಂತ ನೋಡುತ್ತಾಳೆ. ಒಂದು ದಿನದ ತಿರುಗಾಟದಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಅನ್ನುವುದಿಲ್ಲ. ಅದು ಮನೆಯವರು ಕೊಡಬಹುದಾದ ಮರ್ಯಾದೆಗಳಲ್ಲಿ ಅಗ್ಗದ್ದು, ಅಷ್ಟೇ.

"ಎರಡು ವರ್ಷದ ಕೂಸಿಗೆ ಏನ್ ತಿಳಿತೈತ್ರಿ? ದೊಡ್ಡದಾದ ಮೇಲೆ ನೆನಪೂ ಇರೂದಿಲ್ಲ" ಅನ್ನುವವರಿದ್ದಾರೆ. ಇರಲಿ ಬಿಡಿ. ಕೂಸಿಗೆ ನೆನಪಿರದಿದ್ದರೂ ಅದರ ಅವ್ವನಿಗೆ ನೆನಪಿರುತ್ತದೆ, ಅಜ್ಜಿಗೆ ನೆನಪಿರುತ್ತದೆ. ಮತ್ತೆ ಲೆಕ್ಕ ಹಾಕಿ ನೋಡಿದರೆ ಅಗ್ಗದ ಕಾಲವೂ ಇದೇ. ಸರ್ಕಾರಿ ಬಸ್ಸಿನಲ್ಲಿ 6 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ, ಅಲ್ಲಿಂದ 12ರವರೆಗೆ ಅರ್ಧ ಟಿಕೆಟ್ಟು. ಪುರಾತತ್ವ ಇಲಾಖೆಯ ಗುಡಿ-ಗುಹೆಗಳಲ್ಲಿ 15 ವರ್ಷದ ಒಳಗಿನವರಿಗೆ ಒಳಗೆ ಹೋಗಲು ದುಡ್ಡಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸು ಉಚಿತ, ಆಧಾರ್ ಕಾರ್ಡು ಕೈಯಲ್ಲಿದ್ದರೆ ಸಾಕು. ಅಂದರೆ ಮನೆಮಂದಿ ಹೊರಟರೆ ಗಂಡಸರ ಟಿಕೆಟ್ಟು ಮಾತ್ರ.

"ಸಾಲಗಾರನಿಗೆ ಟೂರ್ ಯಾಕೆ?" ಅನ್ನುವುದು ಎರಡನೆಯ ಮಾತು. ಇದಕ್ಕೆ ನನ್ನದೂ ಒಪ್ಪಿಗೆ ಐತಿ, ಆದರೆ ಅರ್ಧ. ಸಂಘದಲ್ಲಿ ಸಾಲ ಎತ್ತಿ ಐದು ದಿನ ಎಂಟು ದೇವಸ್ಥಾನ ಅಂತ ಹೋಗುವುದು ನನಗೂ ಸರಿ ಕಾಣುವುದಿಲ್ಲ. ರಾತ್ರಿಯಿಡೀ ಗಾಡಿ, ಘಟ್ಟದ ತಿರುವಿನಲ್ಲಿ ಕೂಸಿಗೆ ವಾಂತಿ, ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವುದು, ಊರಿಗೆ ಬಂದ ಮೇಲೆ ವಾರಕ್ಕೊಮ್ಮೆ ಕಂತು. ಅದು ತಿರುಗಾಟವಲ್ಲ, ದುಡ್ಡು ಕೊಟ್ಟು ತಂದ ದಣಿವು. ನಾನು ಹೇಳುವುದು ಮುಂಜಾನೆ ಹೋಗಿ ಸಂಜೆಗೆ ಮನೆ ಸೇರುವ ತಿರುಗಾಟ.

2025ರ ಜನವರಿಯ ಮೊದಲ ಸೋಮವಾರ ನಾವು ಬಾದಾಮಿಗೆ ಹೋಗಿ ಬಂದೆವು. ನಾನು, ನಮ್ಮ ಮನೆಯಾಕಿ, ಮಗ, ಸೊಸೆ, ಎರಡು ವರ್ಷದ ಮೊಮ್ಮಗ. ಹಿಂದಿನ ದಿನವೇ ಬಸ್ಸಿನ ದರ ನೂರಕ್ಕೆ 15ರಂತೆ ಏರಿತ್ತು. ಆದರೂ ಗಂಡಸರಿಬ್ಬರ ಬಸ್ಸು, ಬಾದಾಮಿಯಿಂದ ಬನಶಂಕರಿ, ಪಟ್ಟದಕಲ್ಲು ತೋರಿಸಿಕೊಂಡು ಬರಲು ಮಾತಾಡಿದ ಆಟೋ, ಟಿಕೆಟ್ಟು, ಚಹಾ, ಬಾಳೆಹಣ್ಣು, ಕೂಸಿಗೊಂದು ಪೀಪಿ ಎಲ್ಲ ಸೇರಿ 1600 ರೂಪಾಯಿ ಮುಟ್ಟಲಿಲ್ಲ. ಒಂದು ಚೀಲ ಡಿಎಪಿ 1350 ರೂಪಾಯಿ ಇರುವಾಗ ಐದು ಮಂದಿಯ ಸಂತೋಷಕ್ಕೆ ಇದು ಹೆಚ್ಚು ಅಂತ ಯಾರಾದರೂ ಅಂದರೆ ನಾನು ಒಪ್ಪುವವನಲ್ಲ.

ಉಳಿತಾಯ ಆದದ್ದು ಬುತ್ತಿಯಿಂದ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಬುತ್ತಿ ಒಯ್ಯುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡರೆ ಖಾನಾವಳಿ ಮುಖ ನೋಡುವುದೇ ಬೇಡ. ಕೂಸಿಗೆ ಮೆತ್ತಗೆ ಕಲಸಿದ ಮೊಸರನ್ನ ಬೇರೆ ಡಬ್ಬಿಯಲ್ಲಿ. ಸ್ಮಾರಕದ ಒಳಗೆ ಬುತ್ತಿ ಬಿಚ್ಚಬಾರದು. ಬಾದಾಮಿಯಲ್ಲಂತೂ ಮಂಗ್ಯಾ ಬಿಡುವುದಿಲ್ಲ, ಕೂಸಿನ ಕೈಯಲ್ಲಿ ಬಾಳೆಹಣ್ಣು ಕೊಟ್ಟು ನಡೆಸಲೇಬೇಡಿ. ಬಾದಾಮಿಯಿಂದ 5 ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಹೊಂಡದ ಸುತ್ತ ಕಲ್ಲು ಕಂಬದ ಮಂಟಪದ ನೆರಳಿದೆ. ಬುತ್ತಿ ಸಾಲದಿದ್ದರೆ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಮಾರುವ ಹೆಣ್ಣುಮಕ್ಕಳು ಅಲ್ಲೇ ಸಿಗುತ್ತಾರೆ. ಅವರ ಹತ್ತಿರ ಉಂಡರೆ ದುಡ್ಡು ನಮ್ಮಂಥವರ ಮನೆಗೇ ಹೋಗುತ್ತದೆ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಮಾತ್ರ ಸಣ್ಣ ಕೂಸು ಕಟ್ಟಿಕೊಂಡು ಹೋಗಬೇಡಿ, ಆ ಗದ್ದಲ ಕೂಸಿಗಲ್ಲ.

ಕೂಸಿನ ಜೊತೆ ಹೋದಾಗ ಎಲ್ಲಾ ನೋಡಬೇಕು ಅನ್ನುವ ಹಟ ಬಿಡಬೇಕು. ಬಾದಾಮಿಯ ಗುಹೆಗಳು ನಾಲ್ಕು, ಮೇಲೆ ಹೋದಷ್ಟೂ ಮೆಟ್ಟಿಲು ಹೆಚ್ಚು. ಕೂಸು ದಣಿದರೆ ಮೊದಲನೆಯ ಗುಹೆಯ ಹದಿನೆಂಟು ಕೈಯ ನಟರಾಜನನ್ನು ನೋಡಿ ಇಳಿದರೂ ನಷ್ಟವಿಲ್ಲ. ಇಬ್ಬರು ಕೂಸಿನ ಜೊತೆ ಕೆಳಗೆ ಕೂತು, ಉಳಿದಿಬ್ಬರು ಮೂರನೆಯ ಗುಹೆಗೆ ಹೋಗಿ ಬರಬಹುದು. ಅಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನ ಇದೆ. ನಮ್ಮಲ್ಲಿ ಮೊದಲು ನಮ್ಮಾಕಿ, ಸೊಸೆ ಹೋಗಿ ಬಂದರು, ಮೊಮ್ಮಗ ನಮ್ಮ ಹತ್ತಿರ ಕಲ್ಲು ಆರಿಸುತ್ತಾ ಕೂತಿದ್ದ. ನನಗೆ ಅಲ್ಲಿ ಹಿಡಿಸಿದ್ದು ಅಗಸ್ತ್ಯ ತೀರ್ಥದ ಕೆರೆ. ಬಂಡೆಗುಡ್ಡದ ಮೇಲೆ ಬಿದ್ದ ಮಳೆ ಪೋಲಾಗದೆ ಕೆಳಗಿನ ಕೆರೆಗೆ ಇಳಿಯುವಂತಿದೆ. ಮಳೆ ಕಡಿಮೆ ಇರುವ ಇದೇ ನಮ್ಮ ಸೀಮೆಯಲ್ಲಿ ಚಾಲುಕ್ಯರು ರಾಜಧಾನಿ ಕಟ್ಟಿದ್ದರು. ಬರಗಾಲದ ನಾಡು ಅಂತ ನಮ್ಮನ್ನು ನಾವೇ ಹಳಿದುಕೊಳ್ಳುವ ಮೊದಲು ಆ ಕೆರೆ ಏರಿ ಮೇಲೆ ಸ್ವಲ್ಪ ಹೊತ್ತು ಕೂರಬೇಕು.

ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್. ಮಲಪ್ರಭಾ ದಂಡೆಯ ಈ ಗುಡಿಗಳು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಒಬ್ಬ ಹೆಣ್ಣುಮಗಳು. ಇದನ್ನು ಸೊಸೆಗೆ ಹೇಳಿದೆ. ಮೊಮ್ಮಗನಿಗೆ ಅದೆಲ್ಲ ಬೇಕಾಗಲಿಲ್ಲ. ಅವನಿಗೆ ಓಡಾಡಲು ಹುಲ್ಲಿನ ಬಯಲು ಬೇಕಿತ್ತು, ಸಿಕ್ಕಿತು. ಗುಡಿಯ ಮುಂದಿನ ದೊಡ್ಡ ನಂದಿಯನ್ನು ನೋಡಿ "ಎತ್ತು, ಎತ್ತು" ಅಂದ. ಒಕ್ಕಲಿಗನ ಮನೆಯ ಕೂಸಿಗೆ ಅಷ್ಟು ತಿಳಿದರೆ ಸಾಕು. ಐಹೊಳೆ ಅಲ್ಲಿಂದ ಹತ್ತಿರವೇ ಇದ್ದರೂ ನಾವು ಹೋಗಲಿಲ್ಲ. ದಿನಕ್ಕೆ ಎರಡು ಜಾಗ, ಹೆಚ್ಚೆಂದರೆ ಮೂರು. ಉಳಿದದ್ದು ಮುಂದಿನ ವರ್ಷಕ್ಕೆ ಇರಲಿ.

ಬಾದಾಮಿಯೂ ದೂರ ಅನ್ನಿಸಿದವರಿಗೆ ಇನ್ನೂ ಹತ್ತಿರದ ಜಾಗಗಳಿವೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹಗಲು ಕೆರೆಯಲ್ಲಿದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹಾರುವ ಹಕ್ಕಿಗಳು ಅವು. ಸಾವಿರಾರು ಹಕ್ಕಿ ಒಮ್ಮೆಲೇ ಎದ್ದರೆ ಕೂಸು ಕೈ ತಟ್ಟುತ್ತದೆ, ಮುದುಕರೂ ತಟ್ಟುತ್ತಾರೆ. ಗದಗಿನಿಂದ 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇದೆ, ಕೆತ್ತನೆಯ ಮೆಟ್ಟಿಲು ಬಾವಿಗಳಿವೆ. ಬಾವಿ ಹತ್ತಿರ ಕೂಸಿನ ಕೈ ಬಿಡಬಾರದು. ಗದಗಿನ ಬಿಂಕದಕಟ್ಟಿಯಲ್ಲಿ ಸಣ್ಣ ಮೃಗಾಲಯವೂ ಇದೆ.

ಯಾವಾಗ ಹೋಗಬೇಕು? ನಮ್ಮ ಕಡೆ ಎಳ್ಳಮಾವಾಸ್ಯೆಯಿಂದ ಹಿಂಗಾರಿ ಜೋಳದ ಕೊಯ್ಲಿನವರೆಗೆ ಸ್ವಲ್ಪ ಬಿಡುವು. ಬಿಸಿಲೂ ಮೆತ್ತಗೆ. ಮಾರ್ಚ್ ದಾಟಿದರೆ ಕಲ್ಲು ಕಾಯುತ್ತದೆ, ಸಣ್ಣ ಕೂಸಿಗೆ ಆಗದು. ನೌಕರದಾರರಿಗೆ ರವಿವಾರವೇ ಗತಿ, ಬಸ್ಸು ತುಂಬಿರುತ್ತದೆ. ನಮಗೆ ಸೋಮವಾರ ಇದೆ. ದನದ ಚಿಂತೆ ಇದ್ದರೆ ಮುಯ್ಯಾಳಿನ ಪದ್ಧತಿಯನ್ನೇ ಇಲ್ಲಿಗೂ ತನ್ನಿ. ಈ ವಾರ ಅವರು ನಮ್ಮ ಎಮ್ಮೆ ಹಿಂಡಿ ಮೇವು ಹಾಕಲಿ, ಮುಂದಿನ ವಾರ ನಾವು ಅವರದಕ್ಕೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಅಗ್ಗ ಅಂತ ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಸರಕಿನ ಟೆಂಪೋದಲ್ಲಿ ಮನೆಮಂದಿಯನ್ನು ತುಂಬಿಕೊಂಡು ಹೋಗಬೇಡಿ. ಅದು ಕಾನೂನಿಗೂ ವಿರುದ್ಧ, ಪಲ್ಟಿಯಾದರೆ ವಿಮೆಯ ಭರವಸೆಯೂ ಇಲ್ಲ. ಜಾತ್ರೆಗೆ ಹೋದವರು ಮನೆಗೆ ಬಾರದ ಸುದ್ದಿ ನಾವೆಲ್ಲ ಓದಿದ್ದೇವೆ. ಒಂದೇ ಮೋಟಾರ್ ಸೈಕಲ್ಲಿನಲ್ಲಿ ನಾಲ್ಕು ಮಂದಿ ಹೋಗುವುದೂ ಅಷ್ಟೇ ಕೆಟ್ಟದ್ದು. 2023ರ ಫೆಬ್ರುವರಿಯಿಂದ ಬೈಕಿನಲ್ಲಿ ಕೂರಿಸುವ 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್ಟು ಬೇಕು, ಓಡಿಸುವವನಿಗೆ ಕಟ್ಟಿಕೊಳ್ಳುವ ಪಟ್ಟಿ ಬೇಕು, ವೇಗ 40 ದಾಟಬಾರದು ಅಂತ ನಿಯಮ ಬಂದಿದೆ. ಬಸ್ಸು ಅನುಕೂಲ ಇಲ್ಲದ ಊರಿನವರು ಎರಡು ಮೂರು ಮನೆಯವರು ಕೂಡಿ ಒಂದು ಕ್ರೂಸರ್ ಬಾಡಿಗೆಗೆ ಹಿಡಿಯಿರಿ, ಆದರೆ ಸೀಟಿದ್ದಷ್ಟೇ ಮಂದಿ.

ಚೀಲದಲ್ಲಿ ಇವಿಷ್ಟು ಇರಲಿ: ಕುದಿಸಿ ಆರಿಸಿದ ನೀರು, ಓಆರ್‌ಎಸ್ ಪುಡಿ, ಕೂಸಿಗೆ ಎರಡು ಜೊತೆ ಬಟ್ಟೆ, ಟೊಪ್ಪಿಗೆ, ಹಾಸಲು ಒಂದು ಕೌದಿ, ವಾಂತಿಗೊಂದು ಹಳೇ ಚೀಲ. ಮಧ್ಯಾಹ್ನ ಕೂಸು ಮಲಗುವ ಹೊತ್ತಿಗೆ ಎಲ್ಲಿದ್ದರೂ ನೆರಳಲ್ಲಿ ಕೌದಿ ಹಾಸಬೇಕು. ಅದು ಎದ್ದ ಮೇಲೆ ಮುಂದಿನ ದಾರಿ.

ಕಡೆಯದಾಗಿ ಗಂಡಸರಿಗೆ. ಅಂದು ಕೂಸನ್ನು ನೀವು ಎತ್ತಿಕೊಳ್ಳಿ. ಅವ್ವ ಬಗಲಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದು ಹಿಂದೆ ಬರುವುದು, ನಾವು ಕೈಬೀಸಿಕೊಂಡು ಮುಂದೆ ಹೋಗುವುದು ಆದರೆ ಅವಳಿಗೆ ಅದೂ ಇನ್ನೊಂದು ದಿನದ ಕೂಲಿಯೇ. ಅಜ್ಜಂದಿರಿಗೆ ಇದು ಸುಲಭದ ಕೆಲಸ, ನಾವು ಮೂವತ್ತು ನಲವತ್ತು ವರ್ಷ ಚೀಲ ಹೊತ್ತ ಹೆಗಲಿನವರು.

ಕಲ್ಬುರ್ಗಿ, ರಾಯಚೂರು, ಚಿತ್ರದುರ್ಗ, ತುಮಕೂರು ಕಡೆಯ ರೈತ ಬಾಂಧವರೂ ನಿಮ್ಮ ಹತ್ತಿರದ ಜಾಗ ಯಾವುದು, ಸಣ್ಣ ಮಕ್ಕಳಿಗೆ ಅನುಕೂಲ ಹೇಗಿದೆ, ಎಷ್ಟು ಖರ್ಚು ಬಿತ್ತು ಅಂತ ಪತ್ರಿಕೆಗೆ ಬರೆಯಿರಿ. ಬೀಜ ಗೊಬ್ಬರದ ಲೆಕ್ಕ ಹಂಚಿಕೊಳ್ಳುವ ನಾವು ಈ ಲೆಕ್ಕವನ್ನೂ ಹಂಚಿಕೊಳ್ಳೋಣ.